ಆಕಾಶದಲ್ಲಿ ನಾಲ್ಕು ಗಣಕಗಳು: ದೋಷವನ್ನು ತಾಳುವ ವಿದ್ಯೆ ಮತ್ತು ಅದರ ಪರೀಕ್ಷೆ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಸದಸ್ಯರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ನಾನು ಮಾತನಾಡಬೇಕಾದ ವಿಷಯ ವಿಮಾನವನ್ನು ನಿಯಂತ್ರಿಸುವ ಕಂಪ್ಯೂಟರ್‌ಗಳದ್ದು. ಇದು ಬೆಂಗಳೂರಿನ ದೊಡ್ಡ ಪ್ರಯೋಗಾಲಯಗಳ ಮಾತು, ಮಲೆನಾಡಿನ ಬಾಗಿಲಲ್ಲಿರುವ ನಮಗೆ ಇದರಿಂದೇನು ಎಂದು ಕೆಲವರಿಗೆ ಅನಿಸಬಹುದು. ಆದರೆ 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ನಮ್ಮದೇ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿಗೆ ಬಂದಿಳಿಯಿತು. ಇನ್ನು ಮುಂದೆ ವಿಮಾನ ಎನ್ನುವುದು ನಮಗೆ ತಲೆ ಎತ್ತಿ ನೋಡುವ ವಸ್ತು ಮಾತ್ರವಲ್ಲ, ನಮ್ಮ ಮನೆಯವರು ಹತ್ತಿ ಇಳಿಯುವ ವಾಹನವೂ ಹೌದು. ಹಾಗಾಗಿ, ಮೇಲೆ ಹಾರುತ್ತಿರುವಾಗ ಅದರ ಒಂದು ಭಾಗ ಕೆಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ನಮಗಿದೆ.

ರಸ್ತೆಯಲ್ಲಿ ಬಸ್ಸು ಕೆಟ್ಟರೆ ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಹೇಳಿ ಕಳುಹಿಸಬಹುದು. ಆಕಾಶದಲ್ಲಿ ಪಕ್ಕ ಎಂಬುದಿಲ್ಲ. ಆದ್ದರಿಂದ ವಿಮಾನದ ಯಂತ್ರಗಳನ್ನು, ಕೆಟ್ಟರೂ ಕೆಲಸ ನಿಲ್ಲಿಸದಂತೆ ಕಟ್ಟಬೇಕಾಗುತ್ತದೆ. ಈ ಗುಣಕ್ಕೆ ದೋಷ ಸಹಿಷ್ಣುತೆ ಎಂದು ಹೆಸರು. ಕಟ್ಟಿದರೆ ಸಾಲದು, ಅದು ನಿಜವಾಗಿಯೂ ದೋಷವನ್ನು ತಾಳುತ್ತದೆಯೇ ಎಂದು ಪರೀಕ್ಷಿಸಬೇಕು. ಹಾರುವಾಗಲೂ ಎಡೆಬಿಡದೆ ಕಾವಲು ಕಾಯಬೇಕು. ಈ ಮೂರರಲ್ಲಿ ಹೆಚ್ಚು ಕಷ್ಟವಾದದ್ದು ಕಟ್ಟುವುದಲ್ಲ. ಪರೀಕ್ಷೆ ಮತ್ತು ಕಾವಲು. ನನ್ನ ಇಂದಿನ ಮಾತಿನ ತಿರುಳು ಇಷ್ಟೇ.

ಮೊದಲು ಸ್ವಲ್ಪ ಹಿನ್ನೆಲೆ ನೋಡೋಣ. ಸೋಗಾನೆಗೆ ಮೊದಲು ಬಂದದ್ದು ಎ.ಟಿ.ಆರ್. 72 ಎಂಬ ವಿಮಾನ. ಅದರಲ್ಲಿ ಪೈಲಟ್ ಹಿಡಿಯುವ ಚುಕ್ಕಾಣಿಗೂ ರೆಕ್ಕೆ ಮತ್ತು ಬಾಲದಲ್ಲಿ ಅಲುಗಾಡುವ ಹಲಗೆಗಳಿಗೂ ಉಕ್ಕಿನ ಕೇಬಲ್ ಮತ್ತು ಸರಳುಗಳ ಸಂಪರ್ಕವಿದೆ. ನಮ್ಮ ಸೈಕಲ್ಲಿನ ಬ್ರೇಕ್ ಇದ್ದ ಹಾಗೆ: ಇಲ್ಲಿ ಎಳೆದರೆ ಅಲ್ಲಿ ಅಲುಗುತ್ತದೆ. ಆದರೆ 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ-320ರಲ್ಲಿ ಪೈಲಟ್‌ನ ಕೈ ಅಲುಗಿದರೆ ಅದು ವಿದ್ಯುತ್ ಸಂಕೇತವಾಗಿ ಕಂಪ್ಯೂಟರ್‌ಗೆ ಹೋಗುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿ ಹಲಗೆಗಳನ್ನು ಅಲುಗಿಸುತ್ತದೆ. ಇದನ್ನು ಫ್ಲೈ-ಬೈ-ವೈರ್ ಎನ್ನುತ್ತಾರೆ. ಇಂದು ನಮ್ಮ ದೇಶದ ದೊಡ್ಡ ನಗರಗಳ ನಡುವೆ ಹಾರುವ ಬಹಳಷ್ಟು ವಿಮಾನಗಳು ಇದೇ ಎ-320 ಕುಟುಂಬದವು.

ನಮ್ಮ ರಾಜ್ಯದಲ್ಲೇ ಹುಟ್ಟಿದ ಉದಾಹರಣೆ ಎಂದರೆ ತೇಜಸ್ ಯುದ್ಧವಿಮಾನ. ತೇಜಸ್‌ಗೆ ಬಾಲದ ಅಡ್ಡರೆಕ್ಕೆ ಇಲ್ಲ. ಚುರುಕಾಗಿ ತಿರುಗಬೇಕೆಂದು ಅದನ್ನು ಉದ್ದೇಶಪೂರ್ವಕವಾಗಿಯೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ. ಅಂಗೈ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕೈಯನ್ನು ಕ್ಷಣ ಕ್ಷಣವೂ ಅತ್ತಿತ್ತ ಸರಿಸುತ್ತಿದ್ದರೆ ಮಾತ್ರ ಕೋಲು ನಿಲ್ಲುತ್ತದೆ. ತೇಜಸ್‌ನಲ್ಲಿ ಆ ಕೈಯ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ, ಒಂದು ಸೆಕೆಂಡಿನಲ್ಲಿ ಹಲವಾರು ಬಾರಿ. ಮನುಷ್ಯನ ಕೈಗೆ ಆ ವೇಗವಿಲ್ಲ. ಅಂದರೆ ಕಂಪ್ಯೂಟರ್ ನಿಂತರೆ ವಿಮಾನವೂ ಇಲ್ಲ.

ಈ ಕಂಪ್ಯೂಟರ್ ಸಿದ್ಧವಾದದ್ದು ಬೆಂಗಳೂರಿನ ಎ.ಡಿ.ಇ., ಅಂದರೆ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ. ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಲಿ ಎಂದು ಹೇಳುತ್ತೇನೆ: ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ತಮ್ಮ ವೃತ್ತಿಜೀವನದ ಆರಂಭದಲ್ಲಿ ಇದೇ ಸಂಸ್ಥೆಯಲ್ಲಿ ನಂದಿ ಎಂಬ ಹೋವರ್‌ಕ್ರಾಫ್ಟ್ ಮೇಲೆ ಕೆಲಸ ಮಾಡಿದವರು. ಮುಂದೆ 1992ರಿಂದ 1999ರವರೆಗೆ ಅವರು ಡಿ.ಆರ್.ಡಿ.ಒ. ಮುಖ್ಯಸ್ಥರಾಗಿದ್ದ ಕಾಲದಲ್ಲಿಯೇ ತೇಜಸ್‌ನ ಕಷ್ಟದ ವರ್ಷಗಳು ಕಳೆದವು. ವಿಮಾನವು ಪೈಲಟ್‌ನ ಇಂಗಿತಕ್ಕೆ ಹೇಗೆ ಸ್ಪಂದಿಸಬೇಕು ಎಂಬ ನಿಯಂತ್ರಣ ಸೂತ್ರಗಳನ್ನು ರೂಪಿಸಲು 1992ರಲ್ಲಿ ಬೆಂಗಳೂರಿನ ಎನ್.ಎ.ಎಲ್.ನಲ್ಲಿ ಒಂದು ರಾಷ್ಟ್ರೀಯ ತಂಡ ರಚನೆಯಾಯಿತು. 1996ರಲ್ಲಿ ಅಮೆರಿಕದಲ್ಲಿ ಒಂದು ವಿಶೇಷ ಎಫ್-16 ವಿಮಾನವನ್ನು ತೇಜಸ್‌ನಂತೆ ವರ್ತಿಸುವ ಹಾಗೆ ಮಾಡಿ ಈ ಸೂತ್ರಗಳನ್ನು ಹಾರಾಟದಲ್ಲಿ ಪರೀಕ್ಷಿಸಲಾಯಿತು. 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿತು, ಅಲ್ಲಿನ ಕಂಪನಿಯ ಸಹಕಾರ ನಿಂತುಹೋಯಿತು. ಉಳಿದ ಕೆಲಸವನ್ನು ನಮ್ಮವರೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರು ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ಅದನ್ನು ಮೊದಲ ಬಾರಿಗೆ ಹಾರಿಸಿದರು. 2016ರ ಜುಲೈ 1ರಂದು ವಾಯುಪಡೆಯ ಮೊದಲ ತೇಜಸ್ ದಳ ಬೆಂಗಳೂರಿನಲ್ಲಿಯೇ ಆರಂಭವಾಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ತೇಜಸ್‌ನ ನಿಯಂತ್ರಣ ಕಂಪ್ಯೂಟರ್ ಒಂದೇ ಪೆಟ್ಟಿಗೆಯಂತೆ ಕಂಡರೂ ಅದರೊಳಗೆ ನಾಲ್ಕು ಪ್ರತ್ಯೇಕ ಗಣಕ ಮಾರ್ಗಗಳಿವೆ. ಪ್ರತಿಯೊಂದಕ್ಕೂ ತನ್ನದೇ ಆದ ವಿದ್ಯುತ್ ಪೂರೈಕೆ ಇದೆ. ನಾಲ್ಕೂ ಒಂದೇ ಲೆಕ್ಕವನ್ನು ಮಾಡುತ್ತವೆ. ನಾಲ್ಕು ಏಕೆ?

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಉತ್ತರ ಪತ್ರಿಕೆಯನ್ನು ಇಬ್ಬರು ಮೌಲ್ಯಮಾಪಕರಿಂದ ತಿದ್ದಿಸುವ ಪದ್ಧತಿ ನಿಮಗೆ ಗೊತ್ತು. ಇಬ್ಬರ ಅಂಕಗಳ ನಡುವೆ ಅಂತರ ಹೆಚ್ಚಾದರೆ ಮೂರನೆಯವರಿಗೆ ಕಳುಹಿಸುತ್ತಾರೆ. ಏಕೆಂದರೆ ಇಬ್ಬರೇ ಇದ್ದಾಗ ಯಾರೋ ಒಬ್ಬರು ತಪ್ಪಿದ್ದಾರೆ ಎಂದು ತಿಳಿಯುತ್ತದೆಯೇ ಹೊರತು ಯಾರು ಎಂದು ತಿಳಿಯುವುದಿಲ್ಲ. ಮೂವರಿದ್ದರೆ ಬಹುಮತದಿಂದ ತೀರ್ಮಾನಿಸಬಹುದು. ನಾಲ್ವರಿದ್ದರೆ, ಒಬ್ಬರನ್ನು ಹೊರಗಿಟ್ಟ ಮೇಲೂ ಮೂವರು ಉಳಿದು ಮತ ಹಾಕಬಹುದು. ಕಂಪ್ಯೂಟರ್ ಮಾರ್ಗಗಳೂ ಹೀಗೆಯೇ ತಮ್ಮ ಲೆಕ್ಕಗಳನ್ನು ಪರಸ್ಪರ ಹಂಚಿಕೊಂಡು ಹೋಲಿಸಿ ನೋಡುತ್ತವೆ. ಉಳಿದ ಮೂರರಿಂದ ದೂರ ಸರಿದ ಒಂದನ್ನು ಪಕ್ಕಕ್ಕಿಡುತ್ತವೆ.

ಒಂದು ಲೆಕ್ಕ ಮಾಡೋಣ. ಒಂದು ಗಂಟೆಯಲ್ಲಿ ಒಂದು ಮಾರ್ಗ ಕೆಡುವ ಸಾಧ್ಯತೆ 10,000ದಲ್ಲಿ ಒಂದು ಎಂದು ಉದಾಹರಣೆಗಾಗಿ ಇಟ್ಟುಕೊಳ್ಳಿ. ಎರಡು ಮಾರ್ಗಗಳು ಅದೇ ಗಂಟೆಯಲ್ಲಿ ಕೆಡುವ ಸಾಧ್ಯತೆ 10 ಕೋಟಿಯಲ್ಲಿ ಒಂದು. ಮೂರೂ ಒಟ್ಟಿಗೆ ಕೆಡುವುದು ಒಂದು ಲಕ್ಷ ಕೋಟಿಯಲ್ಲಿ ಒಂದು. ಈ ಅಂಕಿಗಳನ್ನು ನೋಡಿದರೆ ನೆಮ್ಮದಿ ಎನಿಸುತ್ತದೆ. ಆದರೆ ಈ ಗುಣಾಕಾರದ ಹಿಂದೆ ಒಂದು ಷರತ್ತು ಅಡಗಿದೆ: ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿರಬಾರದು. ಪಿ.ಯು.ಸಿ. ಗಣಿತದ ಸಂಭವನೀಯತೆಯ ಪಾಠದಲ್ಲಿ ಸ್ವತಂತ್ರ ಘಟನೆಗಳು ಎಂದು ಓದುತ್ತೀರಲ್ಲ, ಅದೇ ಇದು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಆ ಮಾತಿನ ಮೇಲೆ ಇಲ್ಲಿ ಜೀವಗಳು ನಿಂತಿವೆ.

ಅಡಿಕೆ ತೋಟವಿರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಪಂಪು ಕೆಟ್ಟರೆ ಇರಲಿ ಎಂದು ಎರಡು ಪಂಪು ಹಾಕಿಸಿರುತ್ತೇವೆ. ಎರಡಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್. ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದರೆ ಎರಡು ಪಂಪು ಇದ್ದೂ ಒಂದು ಹನಿ ನೀರಿಲ್ಲ. ತೇಜಸ್‌ನ ನಾಲ್ಕು ಮಾರ್ಗಗಳಿಗೆ ನಾಲ್ಕು ಬೇರೆ ವಿದ್ಯುತ್ ಪೂರೈಕೆ ಇರುವುದು ಇದಕ್ಕಾಗಿಯೇ. ವಿದ್ಯುತ್ತನ್ನು ಬೇರೆ ಮಾಡಬಹುದು, ಸಂವೇದಕಗಳನ್ನು ಬೇರೆ ಮಾಡಬಹುದು. ಆದರೆ ನಾಲ್ಕರಲ್ಲೂ ಓಡುವ ಸಾಫ್ಟ್‌ವೇರ್ ಒಂದೇ ಆಗಿದ್ದರೆ? ಅದರಲ್ಲಿ ಒಂದು ತಪ್ಪಿದ್ದರೆ ನಾಲ್ಕೂ ಅದೇ ಕ್ಷಣದಲ್ಲಿ ಅದೇ ತಪ್ಪನ್ನು ಮಾಡುತ್ತವೆ, ಮತದಾನದಲ್ಲಿ ಆ ತಪ್ಪು ಅವಿರೋಧವಾಗಿ ಗೆಲ್ಲುತ್ತದೆ!

ಇದು ಕಲ್ಪನೆಯ ಮಾತಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಅದರಲ್ಲಿ ದಿಕ್ಕು ಮತ್ತು ಚಲನೆಯನ್ನು ಅಳೆಯುವ ಎರಡು ಘಟಕಗಳಿದ್ದವು, ಒಂದು ಕೆಟ್ಟರೆ ಇನ್ನೊಂದು ಎಂಬ ಲೆಕ್ಕದಲ್ಲಿ. ಎರಡರಲ್ಲೂ ಹಿಂದಿನ ಏರಿಯಾನ್-4ರಿಂದ ತಂದ ಒಂದೇ ಸಾಫ್ಟ್‌ವೇರ್. ಅದರಲ್ಲಿ ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್‌ಗಳ ಜಾಗಕ್ಕೆ ಇಳಿಸುವ ಒಂದು ಹೆಜ್ಜೆ ಇತ್ತು. ಆ ಜಾಗದಲ್ಲಿ 32,767ರವರೆಗೆ ಮಾತ್ರ ಹಿಡಿಯುತ್ತದೆ. ಹೊಸ ರಾಕೆಟ್ಟಿನ ವೇಗ ಹೆಚ್ಚು, ಸಂಖ್ಯೆ ಮಿತಿ ದಾಟಿತು. ಮೊದಲು ಬದಲಿ ಘಟಕ ನಿಂತಿತು. ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವುದರೊಳಗೆ ಮುಖ್ಯ ಘಟಕವೂ ಅದೇ ಕಾರಣಕ್ಕೆ ನಿಂತಿತು. ಏರಿಯಾನ್-5ರ ನಿಜವಾದ ಹಾರಾಟ ಪಥದ ಅಂಕಿಗಳನ್ನು ಕೊಟ್ಟು ನೆಲದ ಮೇಲೆ ಪರೀಕ್ಷೆ ಮಾಡಿದ್ದರೆ ಈ ದೋಷ ಸಿಗುತ್ತಿತ್ತು ಎಂಬುದು ತನಿಖೆಯಲ್ಲಿ ಹೊರಬಂದ ಸತ್ಯ. ಹಳೆಯ ರಾಕೆಟ್‌ನಲ್ಲಿ ಚೆನ್ನಾಗಿ ನಡೆದಿದೆ ಎಂಬ ನಂಬಿಕೆಯೇ ಪರೀಕ್ಷೆಯ ಜಾಗದಲ್ಲಿ ಕುಳಿತಿತ್ತು.

ಹಾಗಾದರೆ ಪರೀಕ್ಷೆ ಹೇಗೆ? ಭದ್ರಾವತಿಯವರಿಗೆ ಪರೀಕ್ಷೆಯ ಅರ್ಥವನ್ನು ನಾನು ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಆರಂಭವಾದ ನಿಮ್ಮ ಕಬ್ಬಿಣದ ಕಾರ್ಖಾನೆಯಿಂದಾಗಿ ಎಷ್ಟೋ ಮನೆಗಳಲ್ಲಿ ಉಕ್ಕನ್ನು ಬಲ್ಲ ಹಿರಿಯರಿದ್ದಾರೆ. ಉಕ್ಕಿನ ಒಂದು ತುಂಡನ್ನು ಯಂತ್ರದಲ್ಲಿ ಕಚ್ಚಿಸಿ, ಅದು ಮುರಿಯುವವರೆಗೆ ಎಳೆದು, ಎಷ್ಟು ಭಾರಕ್ಕೆ ಮುರಿಯಿತು ಎಂದು ನೋಡುತ್ತಾರೆ. ಮುರಿಯದೆ ಉಕ್ಕಿನ ಶಕ್ತಿ ತಿಳಿಯುವುದಿಲ್ಲ. ವಿಮಾನದ ಕಂಪ್ಯೂಟರ್ ಪರೀಕ್ಷೆಯ ಮೂಲತತ್ವವೂ ಇದೇ: ಬೇಕೆಂದೇ ಕೆಡಿಸಿ ನೋಡುವುದು.

ಇದಕ್ಕೆ ಐರನ್ ಬರ್ಡ್, ಅಂದರೆ ಕಬ್ಬಿಣದ ಹಕ್ಕಿ ಎಂಬ ಒಂದು ವ್ಯವಸ್ಥೆಯಿದೆ. ಹಾರದ ಒಂದು ಚೌಕಟ್ಟಿನ ಮೇಲೆ ವಿಮಾನದ ನಿಜವಾದ ಕಂಪ್ಯೂಟರ್, ಹೈಡ್ರಾಲಿಕ್ ಕೊಳವೆಗಳು, ಹಲಗೆಗಳನ್ನು ಅಲುಗಿಸುವ ಸಾಧನಗಳು ಎಲ್ಲವನ್ನೂ ವಿಮಾನದಲ್ಲಿರುವ ಕ್ರಮದಲ್ಲಿಯೇ ಜೋಡಿಸುತ್ತಾರೆ. ಗಾಳಿ, ಎತ್ತರ, ವೇಗಗಳನ್ನು ಇನ್ನೊಂದು ಕಂಪ್ಯೂಟರ್ ಅನುಕರಿಸುತ್ತದೆ. ಪೈಲಟ್ ಅದರಲ್ಲಿ ಕುಳಿತು ಹಾರಿಸುತ್ತಿರುವಾಗ ಎಂಜಿನಿಯರ್‌ಗಳು ಒಂದೊಂದೇ ಕಿಡಿಗೇಡಿ ಕೆಲಸ ಮಾಡುತ್ತಾರೆ. ಒಂದು ಮಾರ್ಗದ ವಿದ್ಯುತ್ ತೆಗೆಯುತ್ತಾರೆ. ಒಂದು ಸಂವೇದಕದ ತಂತಿ ಬಿಚ್ಚುತ್ತಾರೆ. ಸತ್ತ ಸಂಕೇತದ ಬದಲು ಸುಳ್ಳು ಸಂಕೇತ ಕಳುಹಿಸುತ್ತಾರೆ, ನಿಧಾನವಾಗಿ ದಾರಿ ತಪ್ಪುವ ಸಂಕೇತವನ್ನೂ ಕಳುಹಿಸುತ್ತಾರೆ. ಮೊದಲ ದೋಷದ ಮೇಲೆ ಎರಡನೆಯದನ್ನು ಹೇರುತ್ತಾರೆ. ಪ್ರತಿ ಬಾರಿಯೂ ಮೂರು ಪ್ರಶ್ನೆ ಕೇಳುತ್ತಾರೆ. ದೋಷ ಪತ್ತೆಯಾಯಿತೇ? ಸರಿಯಾದ ಭಾಗವನ್ನೇ ಹೊರಗಿಟ್ಟಿತೇ? ಹೊರಗಿಡುವಾಗ ವಿಮಾನ ಎಷ್ಟು ಜಗ್ಗಿತು? ತೇಜಸ್‌ನ ಮೊದಲ ಹಾರಾಟಕ್ಕೆ ಮುನ್ನ ಪೈಲಟ್‌ಗಳ ಪರೀಕ್ಷೆ 50 ಗಂಟೆಗೂ ಮೀರಿ ನಡೆದಿತ್ತು. ಆ ಮೊದಲ ಹಾರಾಟ ನಡೆದದ್ದು ಕೇವಲ 18 ನಿಮಿಷ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಂಜಿನಿಯರಿಂಗ್ ಎಂದರೇನೆಂದು ತಿಳಿಯುತ್ತದೆ.

ಆದರೆ ಉಕ್ಕಿಗೂ ಸಾಫ್ಟ್‌ವೇರ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹತ್ತು ಟನ್ ತಾಳಿದ ಸರಳು ಒಂಬತ್ತು ಟನ್ನನ್ನೂ ತಾಳುತ್ತದೆ. ಸಾಫ್ಟ್‌ವೇರ್ ಹಾಗಲ್ಲ. 32,767ಕ್ಕೆ ಸರಿಯಾದ ಉತ್ತರ ಕೊಟ್ಟದ್ದು 32,768ಕ್ಕೆ ಕುಸಿದು ಬೀಳಬಹುದು. ಹೀಗಾಗಿ ಕೆಲವು ಮಾದರಿಗಳನ್ನು ನೋಡಿ ಉಳಿದದ್ದನ್ನು ಊಹಿಸುವಂತಿಲ್ಲ. ಪ್ರಯಾಣಿಕ ವಿಮಾನಗಳಲ್ಲಿ ಸರ್ವನಾಶಕ್ಕೆ ಕಾರಣವಾಗುವ ದೋಷದ ಸಾಧ್ಯತೆ ಹಾರಾಟದ ಒಂದು ಗಂಟೆಗೆ ನೂರು ಕೋಟಿಯಲ್ಲಿ ಒಂದಕ್ಕಿಂತ ಹೆಚ್ಚಿರಬಾರದು ಎಂಬುದು ಅಂತರರಾಷ್ಟ್ರೀಯ ಗುರಿ. ಇದನ್ನು ಬರೀ ಹಾರಿಸಿ ಸಾಬೀತುಪಡಿಸಬೇಕೆಂದರೆ ಒಂದು ವಿಮಾನ ಸುಮಾರು 1,14,000 ವರ್ಷ ನಿಲ್ಲದೆ ಹಾರಬೇಕಾಗುತ್ತದೆ! ಅದು ಆಗದ ಮಾತು. ಆದ್ದರಿಂದ ಸಾಫ್ಟ್‌ವೇರ್ ಬರೆಯುವ ವಿಧಾನದ ಮೇಲೆಯೇ ನಿಯಮಗಳಿವೆ. ಡಿ.ಒ.-178ಸಿ ಎಂಬ ಮಾನದಂಡದ ಎ ಮಟ್ಟದಲ್ಲಿ, ಪ್ರೋಗ್ರಾಮಿನ ಪ್ರತಿಯೊಂದು ಸಾಲೂ ಯಾವ ಅಗತ್ಯಕ್ಕಾಗಿ ಇದೆ ಎಂದು ತೋರಿಸಬೇಕು. ಪ್ರತಿಯೊಂದು ತೀರ್ಮಾನದ ಪ್ರತಿಯೊಂದು ಷರತ್ತೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದು ಎಂದು ಪರೀಕ್ಷೆಯಿಂದ ತೋರಿಸಬೇಕು. ಬರೆದವರೇ ತಮ್ಮ ಕೆಲಸವನ್ನು ತಾವೇ ಸರಿ ಎಂದು ಒಪ್ಪುವಂತಿಲ್ಲ, ಮುಖ್ಯವಾದ ಪರಿಶೀಲನೆಗಳನ್ನು ಬೇರೆಯವರು ಮಾಡಬೇಕು. ತೇಜಸ್ ಮಾರ್ಕ್-1ಎಗಾಗಿ ಎ.ಡಿ.ಇ. ಸಿದ್ಧಪಡಿಸಿದ ಹೊಸ ನಿಯಂತ್ರಣ ಕಂಪ್ಯೂಟರ್ 2024ರ ಫೆಬ್ರವರಿ 19ರಂದು ಮೊದಲ ಬಾರಿಗೆ ಹಾರಿತು. ಅದರ ಸಾಫ್ಟ್‌ವೇರ್ ಇದೇ ಎ ಮಟ್ಟಕ್ಕೆ ಅನುಗುಣವಾಗಿದೆ.

ಇನ್ನು ಕಾವಲಿನ ಮಾತು. ನಮ್ಮ ಮನೆಗಳಲ್ಲಿ ಕರೆಂಟ್ ಹೋದಾಗ ಟಾರ್ಚ್ ಹುಡುಕಿ ಒತ್ತುತ್ತೇವೆ, ಸೆಲ್ ಮುಗಿದಿರುತ್ತದೆ. ಸೆಲ್ ಮುಗಿದು ಎಷ್ಟೋ ದಿನವಾಗಿತ್ತು, ಕತ್ತಲಾಗುವವರೆಗೆ ನಮಗೆ ಗೊತ್ತಿರಲಿಲ್ಲ ಅಷ್ಟೆ. ಪರೀಕ್ಷಿಸದ ಬದಲಿ ವ್ಯವಸ್ಥೆ ಬದಲಿ ವ್ಯವಸ್ಥೆಯೇ ಅಲ್ಲ. ಅದಕ್ಕಾಗಿ ಇಂತಹ ಕಂಪ್ಯೂಟರ್‌ಗಳು ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳುತ್ತವೆ. ವಿದ್ಯುತ್ ಕೊಟ್ಟ ಕೂಡಲೇ ಸ್ಮರಣಕೋಶ ಸರಿಯಿದೆಯೇ ಎಂದು ನೋಡುತ್ತವೆ. ಹಾರುವ ಮುನ್ನ ಹಲಗೆಗಳನ್ನು ಅಲುಗಿಸಿ, ಹೇಳಿದಷ್ಟು ಅಲುಗಿತೇ ಎಂದು ಅಳೆಯುತ್ತವೆ. ಕಾವಲುಗಾರರನ್ನೂ ಪರೀಕ್ಷಿಸುತ್ತವೆ, ಅಂದರೆ ಬೇಕೆಂದೇ ಒಂದು ಸುಳ್ಳು ದೋಷ ಕೊಟ್ಟು, ಪತ್ತೆ ಮಾಡುವ ಭಾಗ ಎಚ್ಚರವಾಗಿದೆಯೇ ಎಂದು ನೋಡುತ್ತವೆ. ಹಾರಾಟದಲ್ಲಿ ಇದು ಹಿನ್ನೆಲೆಯಲ್ಲಿ ಸತತವಾಗಿ ನಡೆಯುತ್ತದೆ. ಕಂಡ ದೋಷಗಳು ದಾಖಲಾಗಿ, ಇಳಿದ ಮೇಲೆ ನೆಲದ ಸಿಬ್ಬಂದಿಯ ಕೈಗೆ ಬರುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ನಾಲ್ಕು ಸಂವೇದಕಗಳ ಅಳತೆ ಎಂದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುವುದಿಲ್ಲ. ಎಷ್ಟು ವ್ಯತ್ಯಾಸವಾದರೆ ದೋಷ ಎನ್ನಬೇಕು? ಮಿತಿ ತೀರಾ ಬಿಗಿಯಾದರೆ ಒಳ್ಳೆಯದನ್ನೂ ಹೊರಗೆ ಹಾಕುತ್ತದೆ, ಹಾಗೆ ಬದಲಿಗಳನ್ನು ಕಳೆದುಕೊಂಡು ವಿಮಾನ ಬಡವಾಗುತ್ತದೆ. ಸಡಿಲವಾದರೆ ಕೆಟ್ಟದ್ದು ಒಳಗೇ ಉಳಿಯುತ್ತದೆ. ಒಂದು ಕ್ಷಣದ ಏರುಪೇರಿಗೆ ಹೊರಹಾಕದೆ, ಕೆಲವು ಸುತ್ತುಗಳ ಕಾಲ ವ್ಯತ್ಯಾಸ ಮುಂದುವರಿದರೆ ಮಾತ್ರ ಹೊರಹಾಕುವ ಪದ್ಧತಿಯನ್ನು ಇದಕ್ಕಾಗಿಯೇ ಅನುಸರಿಸುತ್ತಾರೆ. ನ್ಯಾಯದ ತಕ್ಕಡಿಯೂ ಹೀಗೆಯೇ ಅಲ್ಲವೇ?

ಬದಲಿ ಇದ್ದೂ ಅದನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೋಯಿಂಗ್ 737 ಮ್ಯಾಕ್ಸ್ ದುರಂತಗಳಿಗಿಂತ ಕಹಿಯಾದ ಉದಾಹರಣೆ ಬೇಡ. ಆ ವಿಮಾನದಲ್ಲಿ ಮೂತಿಯ ಏರು ಕೋನವನ್ನು ಅಳೆಯಲು ಎರಡು ಸಂವೇದಕಗಳಿದ್ದವು. ಆದರೆ ಮೂತಿಯನ್ನು ತಾನಾಗಿಯೇ ಕೆಳಗೆ ತಳ್ಳುವ ಎಂ-ಕ್ಯಾಸ್ ಎಂಬ ವ್ಯವಸ್ಥೆ ಒಂದು ಬಾರಿಗೆ ಒಂದರ ಮಾತನ್ನೇ ಕೇಳುತ್ತಿತ್ತು, ಇನ್ನೊಂದರ ಜೊತೆ ಹೋಲಿಸುತ್ತಿರಲಿಲ್ಲ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿ 189 ಜನ, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ 157 ಜನ, ಒಟ್ಟು 346 ಜೀವಗಳು ಹೋದವು. ನಂತರ ಮಾಡಿದ ತಿದ್ದುಪಡಿಗಳಲ್ಲಿ ಮುಖ್ಯವಾದದ್ದು ಎರಡೂ ಸಂವೇದಕಗಳನ್ನು ಹೋಲಿಸುವುದು, ಎರಡೂ ಒಪ್ಪದಿದ್ದರೆ ಆ ವ್ಯವಸ್ಥೆ ಸುಮ್ಮನಿರುವುದು. ಎರಡನೆಯ ಸಾಕ್ಷಿ ಮೊದಲಿನಿಂದಲೂ ಅಲ್ಲೇ ನಿಂತಿತ್ತು. ಯಾರೂ ಅವನನ್ನು ಕರೆಯಲಿಲ್ಲ.

ಕಾವಲು ಸರಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಇತ್ತೀಚಿನ ನಿದರ್ಶನವಿದೆ. 2025ರ ಅಕ್ಟೋಬರ್ 30ರಂದು ಅಮೆರಿಕದ ಒಂದು ಎ-320 ವಿಮಾನ ಮೆಕ್ಸಿಕೋದಿಂದ ಹೋಗುವಾಗ ಪೈಲಟ್ ಹೇಳದೆಯೇ ಮೂತಿ ತಗ್ಗಿಸಿತು. ಕೆಲವರಿಗೆ ಗಾಯಗಳಾದವು, ವಿಮಾನ ಸುರಕ್ಷಿತವಾಗಿ ಇಳಿಯಿತು. ತೀವ್ರ ಸೌರ ವಿಕಿರಣದಿಂದ ನಿಯಂತ್ರಣ ಕಂಪ್ಯೂಟರಿನ ಅಂಕಿಗಳು ಕೆಡಬಹುದು ಎಂದು ಏರ್‌ಬಸ್ ಕಂಡುಕೊಂಡಿತು. ನವೆಂಬರ್ 28ರಂದು ಸುಮಾರು 6,000 ವಿಮಾನಗಳಿಗೆ ಸೂಚನೆ ಹೊರಟಿತು. ಹೆಚ್ಚಿನವಕ್ಕೆ ಹಿಂದಿನ ಸಾಫ್ಟ್‌ವೇರ್ ಮರಳಿ ಹಾಕಲಾಯಿತು, ಕೆಲವಕ್ಕೆ ಯಂತ್ರಭಾಗವನ್ನೇ ಬದಲಿಸಬೇಕಾಯಿತು. ನಮ್ಮ ದೇಶದ ನೂರಾರು ವಿಮಾನಗಳೂ ಅದರಲ್ಲಿ ಸೇರಿದ್ದವು. ಪ್ರಯಾಣಿಕರು ಕೆಲವು ಗಂಟೆ ಕಾದರು, ಬೇಸರಪಟ್ಟರು. ಆದರೆ ಒಂದು ವಿಮಾನದ ಅನುಭವ ಆರು ಸಾವಿರ ವಿಮಾನಗಳಿಗೆ ಪಾಠವಾಯಿತು. ಇಂತಹ ದಿನ ವಿಮಾನ ತಡವಾದರೆ ಕೌಂಟರಿನಲ್ಲಿರುವ ಹುಡುಗನ ಮೇಲೆ ರೇಗಬೇಡಿ ಎಂದು ನನ್ನ ವಿನಂತಿ.

ನಮ್ಮ ತೇಜಸ್‌ಗೂ ದುಃಖದ ದಿನಗಳು ಬಂದಿವೆ. 2024ರ ಮಾರ್ಚ್ 12ರಂದು ಜೈಸಲ್ಮೇರ್ ಬಳಿ ಒಂದು ವಿಮಾನ ಬಿದ್ದಾಗ ಪೈಲಟ್ ಪಾರಾದರು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಪ್ರಾಣ ಕಳೆದುಕೊಂಡರು. ಇಂತಹ ಸಂದರ್ಭದಲ್ಲಿ ನಾವು ನೀವು ಊಹೆ ಮಾಡಿ ಯಾವ ಭಾಗದ ಮೇಲೂ ದೂರು ಹೊರಿಸಬಾರದು. ಎರಡೂ ಬಾರಿ ವಾಯುಪಡೆ ತನಿಖೆಗೆ ಆದೇಶಿಸಿತು. ತನಿಖೆಯೂ ಪರೀಕ್ಷೆಯ ಮುಂದುವರಿದ ಭಾಗವೇ, ಸಾಕ್ಷ್ಯಾಧಾರಗಳಿಂದ ಮಾತ್ರ ಮಾತನಾಡುವ ಶಿಸ್ತು ಅದಕ್ಕೆ ಬೇಕು.

ವಿದ್ಯಾರ್ಥಿ ಮಿತ್ರರೇ, ಕೊನೆಯದಾಗಿ ನಿಮಗೆ ಎರಡು ಮಾತು. ವಿಮಾನ ಎಂದ ಕೂಡಲೇ ನಿಮಗೆ ಪೈಲಟ್ ನೆನಪಾಗುತ್ತಾನೆ, ವಿನ್ಯಾಸ ಮಾಡುವ ವಿಜ್ಞಾನಿ ನೆನಪಾಗುತ್ತಾನೆ. ಪರೀಕ್ಷೆ ಮಾಡುವವರ ಹೆಸರು ಎಲ್ಲೂ ಬರುವುದಿಲ್ಲ. ಅವರು ಕೆಲಸವನ್ನು ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ಸುದ್ದಿಯಿಲ್ಲ. ಆದರೂ ಇದು ಗೌರವದ ವೃತ್ತಿ, ಇದರಲ್ಲಿ ಎಲ್ಲ ಹಂತದವರಿಗೂ ಜಾಗವಿದೆ. ಎಂಜಿನಿಯರಿಂಗ್ ಪದವಿ ಪಡೆದವರು ಗೇಟ್ ಪರೀಕ್ಷೆಯ ಅಂಕಗಳಿಂದ ಡಿ.ಆರ್.ಡಿ.ಒ.ಗೆ ಪ್ರಯತ್ನಿಸಬಹುದು. ಐ.ಟಿ.ಐ. ಮತ್ತು ಡಿಪ್ಲೊಮಾ ಓದಿದವರಿಗೆ ಎಚ್.ಎ.ಎಲ್.ನಂತಹ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ತರಬೇತಿ ಇದೆ. ಹೆಣ್ಣುಮಕ್ಕಳೂ ಈ ಕ್ಷೇತ್ರದ ಕಡೆ ನೋಡಬೇಕು. ತಾಳ್ಮೆ ಮತ್ತು ಸೂಕ್ಷ್ಮ ದೃಷ್ಟಿ ಇರುವವರಿಗೆ ಹೇಳಿ ಮಾಡಿಸಿದ ಕೆಲಸ ಇದು.

ಎರಡನೆಯ ಮಾತು, ಯಾವ ಕ್ಷೇತ್ರಕ್ಕೆ ಹೋದರೂ ಅನ್ವಯಿಸುವಂಥದ್ದು. ನೀವು ಬಿಡಿಸಿದ ಲೆಕ್ಕವನ್ನು ಸ್ನೇಹಿತನಿಗೆ ತೋರಿಸುವಾಗ ನಿಮ್ಮ ಉತ್ತರವನ್ನು ಮುಚ್ಚಿಟ್ಟು, ಅವನಿಗೆ ಬೇರೆ ದಾರಿಯಲ್ಲಿ ಬಿಡಿಸಲು ಹೇಳಿ. ನಿಮ್ಮ ಉತ್ತರವನ್ನು ನೋಡಿ ತಲೆಯಾಡಿಸುವ ನಾಲ್ಕು ಜನರಿಗಿಂತ, ಸ್ವತಂತ್ರವಾಗಿ ಯೋಚಿಸಿ ಇದು ತಪ್ಪು ಎನ್ನುವ ಒಬ್ಬನು ನಿಮಗೆ ಹೆಚ್ಚು ಉಪಕಾರಿ. ನಮ್ಮ ಸಂಘ ಸಂಸ್ಥೆಗಳ ಲೆಕ್ಕಪತ್ರಕ್ಕೂ ಇದೇ ಮಾತು ಹೊಂದುತ್ತದೆ. ತಪ್ಪು ತೋರಿಸುವವರನ್ನು ವಿರೋಧಿ ಎಂದು ನೋಡುವ ಕಡೆ ದೋಷಗಳು ಮೌನವಾಗಿ ಬೆಳೆಯುತ್ತವೆ. ನೆಲದ ಮೇಲೆ ಸಿಕ್ಕ ದೋಷ ಒಂದು ದಿನದ ಕೆಲಸ ಕೊಡುತ್ತದೆ. ಆಕಾಶದಲ್ಲಿ ಸಿಕ್ಕ ದೋಷ ಜೀವವನ್ನೇ ಕೇಳುತ್ತದೆ.